ಅಮ್ಮ ವೆಂಟಿಲೇಟರ್ ಮೇಲಿದ್ದಾರೆ, ಡ್ರಿಪ್ಸ್ ಯಾಕೆ ನಿಲ್ಲಿಸಿದ್ದಾರೆ?

ಹಾಸನದ_ಮಗಳು | ಸೋಮವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಬರೀತಿದೀನಿ, ತಪ್ಪಿದ್ರೆ ಕ್ಷಮಿಸಿ.

ಅಮ್ಮನಿಗೆ 58 ವರ್ಷ. ನ್ಯುಮೋನಿಯಾ ಅಂತ ಶುರುವಾಗಿದ್ದು ಎರಡೇ ದಿನದಲ್ಲಿ ಎರಡೂ ಶ್ವಾಸಕೋಶಕ್ಕೆ ಹಬ್ಬಿತು. ಎಆರ್‌ಡಿಎಸ್ (ಶ್ವಾಸಕೋಶ ತೀರಾ ಕೆಟ್ಟು ಆಕ್ಸಿಜನ್ ಸಾಲದ ಸ್ಥಿತಿ) ಅಂದ್ರು, ವೆಂಟಿಲೇಟರ್‌ಗೆ ಹಾಕಿದ್ರು. ಇವತ್ತಿಗೆ ನಾಲ್ಕನೇ ದಿನ. ಮೊದಲನೇ ದಿನ ಬಿಪಿ ತೀರಾ ಕಮ್ಮಿ ಇತ್ತು, ಬಾಟ್ಲಿ ಮೇಲೆ ಬಾಟ್ಲಿ ಏರಿಸಿದ್ರು. ಕೆಳಗಿನ ಮೆಡಿಕಲ್‌ನಿಂದ ಅರ್ಧ ಲೀಟರಿನ ಏಳು ಬಾಟ್ಲಿ ನಾನೇ ತಂದುಕೊಟ್ಟೆ. ನಿನ್ನೆಯಿಂದ ಎಲ್ಲ ಉಲ್ಟಾ. ಡ್ರಿಪ್ಸ್ ಪೂರ್ತಿ ಬಂದ್. ಅದರ ಮೇಲೆ ಮೂತ್ರ ಹೋಗಲಿ ಅಂತ ಲ್ಯಾಸಿಕ್ಸ್ ಇಂಜೆಕ್ಷನ್ ಬೇರೆ.

ಸಂಜೆ ಐದು ನಿಮಿಷ ಒಳಗೆ ಬಿಟ್ರು. ಮುಖ ಗುರುತೇ ಸಿಗ್ತಿಲ್ಲ, ಅಷ್ಟು ಬಾತಿದೆ. ಮದುವೆಯಾದಾಗಿಂದ ತೆಗೆಯದ ಉಂಗುರ ಬೆರಳಿಗೆ ಕಚ್ಚಿಕೊಂಡಿತ್ತು, ಸಿಸ್ಟರ್ ಕತ್ತರಿಸಿ ಒಂದು ಗಾಜ್ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ರು. ಇಷ್ಟೆಲ್ಲ ಬಾತಿದ್ರೂ ತುಟಿ ಮಾತ್ರ ಒಣಗಿ ಸಿಪ್ಪೆ ಎದ್ದಿದೆ. ಸೋದರಮಾವ ಅದನ್ನ ನೋಡಿ ಹೊರಗೆ ಬಂದು, "ನೀರಿಲ್ದೆ ಸಾಯಿಸ್ತಿದ್ದಾರೆ, ಬೇರೆ ಆಸ್ಪತ್ರೆಗೆ ಕರ್ಕೊಂಡು ಹೋಗೋಣ" ಅಂತ ಕೂಗಾಡ್ತಿದ್ದಾರೆ. ಡಾಕ್ಟ್ರು ಹೇಳಿದ್ದು ಒಂದೇ ಮಾತು: "ಲಂಗ್ಸ್ ಒಣಗಿಸ್ಬೇಕು." ಹಂಗಂದ್ರೆ ಏನು? ಮೊದಲನೇ ದಿನ ಅಷ್ಟು ಕೊಟ್ಟಿದ್ದು ತಪ್ಪಾ, ಈಗ ನಿಲ್ಲಿಸಿದ್ದು ತಪ್ಪಾ?

ಐಸಿಯು_ಸಿಸ್ಟರ್_ಕುಡ್ಲ | ರಾತ್ರಿ 11:58

ಎರಡೂ ತಪ್ಪಲ್ಲ ಇರ್ಬಹುದು ಅಕ್ಕ. ಮೊದಲು ಒಂದು ಲೋಟ ನೀರು ಕುಡಿದು, ಏನಾದ್ರೂ ತಿನ್ನಿ. ನಾನು ಹದಿಮೂರು ವರ್ಷದಿಂದ ಐಸಿಯುನಲ್ಲೇ ಇರೋದು. ಸ್ಟ್ಯಾಂಡಿನಲ್ಲಿ ಬಾಟ್ಲಿ ನೇತಾಡ್ತಾ ಇಲ್ಲ ಅಂದ್ರೆ ನೀರೇ ಹೋಗ್ತಾ ಇಲ್ಲ ಅಂತ ಅಲ್ಲ. ಮೂಗಿನಲ್ಲಿ ರೈಲ್ಸ್ ಟ್ಯೂಬ್, ಅಂದ್ರೆ ಹೊಟ್ಟೆಗೆ ಹೋಗೋ ಸಣ್ಣ ಪೈಪು, ಇದೆಯಾ ನೋಡಿ.

ಹಾಸನದ_ಮಗಳು | ರಾತ್ರಿ 12:01

ಹೌದು ಇದೆ. ಹಾಲಿನ ಥರದ್ದು ಏನೋ ಹೋಗ್ತಿರುತ್ತೆ.

ಧಾರವಾಡದ_ಮಾಸ್ತರ | ರಾತ್ರಿ 12:09

ತಂಗೀ, ನಿಮ್ಮ ಮಾವ ಹೇಳೂದ್ರಾಗ ತಪ್ಪೇನೈತಿ? ಮನಷ್ಯಾ ಉಣ್ಣಂಗಿಲ್ಲ, ಕುಡ್ಯಂಗಿಲ್ಲ, ಬಾಟ್ಲಿನೂ ಇಲ್ಲ ಅಂದ್ರ ಹೆಂಗ ಶಕ್ತಿ ಬರ್ತದ? ನಮ್ಮ ತಮ್ಮಗೂ ಹಿಂಗ ಮಾಡಿದ್ರು. ಕೇಳಿದ್ರ ಒಬ್ಬರೂ ಬಾಯಿ ಬಿಡಂಗಿಲ್ಲ. ಗ್ಲೂಕೋಸ್ ಕೇಳಿ ಹಾಕಸ್ರಿ.

ನಡುರಾತ್ರಿ_ಡ್ಯೂಟಿ | ರಾತ್ರಿ 12:31

ಬೆಂಗಳೂರಲ್ಲಿ ಐಸಿಯು ಡಾಕ್ಟರ್ ನಾನು. ಕೇಸ್ ಪೇಪರ್ ನೋಡದೆ ನಿಮ್ಮ ತಾಯಿಗೆ ಏನು ಸರಿ ಅಂತ ಹೇಳೋಕೆ ಆಗಲ್ಲ, ಹೇಳಲೂಬಾರದು. ಆದ್ರೆ ಯಾಕೆ ಹೀಗೆ ಮಾಡ್ತೀವಿ ಅನ್ನೋದನ್ನ ಬಿಡಿಸಿ ಹೇಳ್ತೀನಿ.

ಮಾಸ್ತರ್ ಸರ್, ಗ್ಲೂಕೋಸ್ ಬಾಟ್ಲಿಯಿಂದ ಶಕ್ತಿ ಅನ್ನೋದು ನಮ್ಮೂರುಗಳಲ್ಲಿ ಬೇರೂರಿದ ನಂಬಿಕೆ. ಐದು ಪರ್ಸೆಂಟ್ ಡೆಕ್ಸ್‌ಟ್ರೋಸ್ ಅರ್ಧ ಲೀಟರಲ್ಲಿ ಇರೋದು 25 ಗ್ರಾಂ ಸಕ್ಕರೆ, ಸುಮಾರು ನೂರು ಕ್ಯಾಲೊರಿ. ಒಂದು ದೊಡ್ಡ ಬಾಳೆಹಣ್ಣಿನಷ್ಟು. ಅವರಿಗೆ ಊಟ ಅಂದ್ರೆ ರೈಲ್ಸ್ ಟ್ಯೂಬಲ್ಲಿ ಹೋಗ್ತಿರೋ ಆ ಹಾಲಿನಂಥದ್ದು.

ಈಗ ಲಂಗ್ಸ್ ವಿಷಯ. ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಪ್ರತಿ ಗೂಡಿನ ಸುತ್ತ ಕೂದಲಿಗಿಂತ ತೆಳು ರಕ್ತನಾಳಗಳ ಬಲೆ. ಆರೋಗ್ಯವಾಗಿದ್ದಾಗ ಅಲ್ಲಿಂದ ಸ್ವಲ್ಪವೇ ನೀರು ಜಿನುಗುತ್ತೆ, ಅದನ್ನ ದುಗ್ಧನಾಳಗಳು ಎಳ್ಕೊಂಡು ಹೋಗ್ತವೆ. ಎಆರ್‌ಡಿಎಸ್‌ನಲ್ಲಿ ಸೋಂಕಿನ ಉರಿಯೂತಕ್ಕೆ ಆ ನಾಳದ ಗೋಡೆಯೇ ತೂತು. ಒಳಗೆ ಒತ್ತಡ ಜಾಸ್ತಿ ಆದಷ್ಟೂ ಹೊರಗೆ ಸೋರೋದು ಜಾಸ್ತಿ. ಸೋರಿದ ನೀರು ಗಾಳಿಗೂಡು ತುಂಬುತ್ತೆ, ಆಕ್ಸಿಜನ್ ರಕ್ತಕ್ಕೆ ದಾಟೋಕೆ ಜಾಗ ಇಲ್ಲ. ಮೈ ಬಾತಿರೋದೂ ಅದೇ ಸೋರಿಕೆಯಿಂದ. ಮೈಯಲ್ಲಿ ನೀರು ಬೇಕಾದಷ್ಟಿದೆ, ಇರಬಾರದ ಜಾಗದಲ್ಲಿದೆ.

ತುಟಿ ಒಣಗಿರೋದು ಬೇರೆ ಕಥೆ. ಬಾಯಲ್ಲಿ ಟ್ಯೂಬ್, ಬಾಯಿ ತೆರೆದೇ ಇರುತ್ತೆ, ನುಂಗೋದಿಲ್ಲ. ತುಟಿ ನೋಡಿ ಮೈಯ ನೀರು ಅಳೆಯೋಕೆ ಆಗಲ್ಲ.

ಮಂಡ್ಯ_ಗದ್ದೆಬಯಲು | ರಾತ್ರಿ 12:44

ನಾನು ಡಾಕ್ಟ್ರಲ್ಲ, ಗದ್ದೆ ಮಾಡೋನು. ನನಗೆ ಅರ್ಥ ಆಗಿದ್ದು ಹೀಗೆ. ಬದು ಒಡೆದ ಗದ್ದೆಗೆ ಎಷ್ಟೇ ನೀರು ಬಿಟ್ರೂ ನಿಲ್ಲಲ್ಲ, ಪಕ್ಕದ ಗದ್ದೆ ಮುಳುಗುತ್ತೆ. ಮೊದಲು ತೂಬು ಕಮ್ಮಿ ಮಾಡಿ ಬದು ಕಟ್ಕೋಬೇಕು. ಸರೀನಾ ಡಾಕ್ಟ್ರೇ?

ನಡುರಾತ್ರಿ_ಡ್ಯೂಟಿ | ರಾತ್ರಿ 12:50

ನಾಳೆ ರೌಂಡ್ಸ್‌ನಲ್ಲಿ ಮನೆಯವರಿಗೆ ಇದನ್ನೇ ಹೇಳ್ತೀನಿ ಯಜಮಾನ್ರೇ. ಒಂದೇ ಒಂದು ಸೇರಿಸ್ತೀನಿ: ತೂಬು ಪೂರ್ತಿ ಮುಚ್ಚಿದ್ರೆ ಈ ಗದ್ದೆಯ ಪೈರೂ ಒಣಗುತ್ತೆ. ಕಿಡ್ನಿ, ಮೆದುಳು, ಕರುಳು ಎಲ್ಲಕ್ಕೂ ರಕ್ತ ಓಡ್ತಾ ಇರ್ಬೇಕು. ಎಷ್ಟು ಬಿಡ್ಬೇಕು ಅನ್ನೋದೇ ನಮ್ಮ ದಿನದ ಗುದ್ದಾಟ.

ಹಾಸನದ_ಮಗಳು | ರಾತ್ರಿ 12:55

ಹಾಗಾದ್ರೆ ಮೊದಲನೇ ದಿನ ಮೂರೂವರೆ ಲೀಟರ್ ಯಾಕೆ ಕೊಟ್ರು?

ನಡುರಾತ್ರಿ_ಡ್ಯೂಟಿ | ರಾತ್ರಿ 1:10

ಬಿಪಿ ಬಿದ್ದು ಶಾಕ್‌ನಲ್ಲಿದ್ದಾಗ ಮೊದಲ ಕೆಲಸ ಜೀವ ಹಿಡಿಯೋದು. ಸೆಪ್ಟಿಕ್ ಶಾಕ್‌ಗೆ (ಸೋಂಕಿನಿಂದ ಬಿಪಿ ಬೀಳೋದು) ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳೋದು ಮೊದಲ ಮೂರು ಗಂಟೆಯಲ್ಲಿ ಕೆಜಿಗೆ 30 ಎಂಎಲ್. ತೂಕ 60 ಕೆಜಿ ಅಂದ್ರೆ 1.8 ಲೀಟರ್. 2021ರ ಆವೃತ್ತಿಯಲ್ಲಿ ಅದನ್ನೂ "ಕೊಡಲೇಬೇಕು" ಅನ್ನೋದರಿಂದ "ಕೊಡಬಹುದು" ಅನ್ನೋ ಮಟ್ಟಕ್ಕೆ ಇಳಿಸಿದ್ರು. ಆಮೇಲೂ ಬಿಪಿ ಏರದಿದ್ರೆ ನಾರ್‌ಅಡ್ರಿನಲಿನ್ ಅನ್ನೋ ಬಿಪಿ ಏರಿಸೋ ಔಷಧಿ ಹಾಕ್ತೀವಿ. ನಿಮ್ಮ ತಾಯಿಗೆ ಉಳಿದ ಒಂದೂವರೆ ಚಿಲ್ಲರೆ ಲೀಟರ್ ಬೇಕಿತ್ತಾ ಅನ್ನೋದು ಅಲ್ಲಿದ್ದವರಿಗೇ ಗೊತ್ತು.

ಸಲೈನ್ ಅನ್ನೋದೂ ಔಷಧಿನೇ. ಇಂಥ ಹೊತ್ತಿಗೆ, ಇಷ್ಟು ಡೋಸು, ಇಲ್ಲಿಗೆ ನಿಲ್ಲಿಸ್ಬೇಕು ಅಂತ ಇರ್ಬೇಕು. ಆ್ಯಂಟಿಬಯೋಟಿಕ್ ಬರೆಯುವಾಗ ಹತ್ತು ಸಲ ಯೋಚಿಸೋ ನಾವು "ಹಂಡ್ರೆಡ್ ಎಂಎಲ್ ಪರ್ ಅವರ್" ಅಂತ ಬರೆದು ಮೂರು ದಿನ ಹಾಗೇ ಬಿಟ್ಟುಬಿಡ್ತೀವಿ. ಈ ಚಟ ನನ್ನನ್ನೂ ಸೇರಿಸಿ ನಮ್ಮವರೆಲ್ಲ ಬಿಡ್ಬೇಕು.

ಅಂಕಿಅಂಶ_ಪ್ರಿಯ | ಮಂಗಳವಾರ, ಬೆಳಿಗ್ಗೆ 7:15

ಬೆಳಿಗ್ಗೆ ಎದ್ದು ನೋಡಿದ್ರೆ ಒಳ್ಳೆ ಚರ್ಚೆ. ಈ "ಒಣ ಶ್ವಾಸಕೋಶ" ಲೆಕ್ಕಕ್ಕೆ ಆಧಾರ 2006ರಲ್ಲಿ ಅಮೆರಿಕದಿಂದ ಬಂದ ಎಫ್‌ಎಸಿಟಿಟಿ ಅನ್ನೋ ಅಧ್ಯಯನ. ಸಾವಿರ ಜನ ರೋಗಿಗಳು. ಅರ್ಧ ಜನಕ್ಕೆ ಕೈ ಬಿಚ್ಚಿ ನೀರು, ಅರ್ಧ ಜನಕ್ಕೆ ಕೈ ಬಿಗಿ ಹಿಡಿದು. ಏಳು ದಿನದ ಕೊನೆಗೆ ಮೊದಲ ಗುಂಪಿನವರ ಮೈಯಲ್ಲಿ ಸರಾಸರಿ ಸುಮಾರು 7 ಲೀಟರ್ ಹೆಚ್ಚುವರಿ ನೀರು. ಬಿಗಿ ಹಿಡಿದ ಗುಂಪಿನಲ್ಲಿ ಹೆಚ್ಚುಕಮ್ಮಿ ಸೊನ್ನೆ, ನಿಖರವಾಗಿ 136 ಎಂಎಲ್ ಕಮ್ಮಿ. ಮೊದಲ 28 ದಿನದಲ್ಲಿ ವೆಂಟಿಲೇಟರ್ ಇಲ್ಲದೆ ಕಳೆದ ದಿನ ಬಿಗಿ ಗುಂಪಿಗೆ 14.6, ಇನ್ನೊಂದಕ್ಕೆ 12.1.

ಆದ್ರೆ ಗಮನಿಸಿ, 60 ದಿನದ ಸಾವಿನ ಪ್ರಮಾಣ 25.5 ಮತ್ತು 28.4 ಪರ್ಸೆಂಟ್. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ನಿಲ್ಲಲ್ಲ. ಅಂದ್ರೆ "ನೀರು ಕಮ್ಮಿ ಮಾಡಿದ್ರೆ ಜೀವ ಉಳಿಯುತ್ತೆ" ಅಂತ ಸಾಬೀತಾಗಿಲ್ಲ. "ವೆಂಟಿಲೇಟರ್‌ನಿಂದ ಬೇಗ ಹೊರಬರ್ತಾರೆ" ಅಂತ ಸಾಬೀತಾಗಿದೆ.

ನಡುರಾತ್ರಿ_ಡ್ಯೂಟಿ | ಬೆಳಿಗ್ಗೆ 7:40

ಒಪ್ಪಿದೆ. ಆದ್ರೆ ಎರಡೂವರೆ ದಿನ ಬೇಗ ಟ್ಯೂಬ್ ತೆಗೆಯೋದು ಅಂದ್ರೆ ಎಷ್ಟು ದೊಡ್ಡದು ಅಂತ ಐಸಿಯು ಬಿಲ್ ಕಟ್ಟಿದವರನ್ನ ಕೇಳಿ.

ಅಂಕಿಅಂಶ_ಪ್ರಿಯ | ಬೆಳಿಗ್ಗೆ 7:52

ಚಿಕ್ಕದು ಅಂತ ಹೇಳ್ತಿಲ್ಲ ಡಾಕ್ಟ್ರೇ. ಇನ್ನೆರಡು ವಿಷಯ ಹೇಳದಿದ್ರೆ ಚಿತ್ರ ಅರ್ಧ ಆಗುತ್ತೆ. ಒಂದು, ಅದೇ ಅಧ್ಯಯನದಲ್ಲಿ ಬದುಕುಳಿದ ಕೆಲವರನ್ನ ಆಮೇಲೆ ಪರೀಕ್ಷೆ ಮಾಡಿದಾಗ ಬಿಗಿ ಗುಂಪಿನವರಲ್ಲಿ ನೆನಪು, ಯೋಚನಾಶಕ್ತಿಯ ತೊಂದರೆ ಹೆಚ್ಚು ಕಂಡಿತು, 2012ರ ವರದಿ ಅದು. ಸಣ್ಣ ಗುಂಪು, ಗಟ್ಟಿ ತೀರ್ಮಾನ ಅಲ್ಲ, ಆದ್ರೂ ಮರೀಬಾರದು. ಎರಡು, 2022ರ "ಕ್ಲಾಸಿಕ್" ಅನ್ನೋ ಹೆಸರಿನ ಅಧ್ಯಯನ: ಯುರೋಪಿನ 1,500ಕ್ಕೂ ಹೆಚ್ಚು ಸೆಪ್ಟಿಕ್ ಶಾಕ್ ರೋಗಿಗಳು. ನೀರು ಕಟ್ಟುನಿಟ್ಟು ಮಾಡಿದ್ರೂ, ಮಾಡದಿದ್ರೂ 90 ದಿನದ ಸಾವು 42 ಪರ್ಸೆಂಟ್ ಆಸುಪಾಸು. 2023ರ ಕ್ಲೋವರ್ಸ್ ಅಧ್ಯಯನ ಕೂಡ ಹೆಚ್ಚುಕಮ್ಮಿ ಇದನ್ನೇ ಹೇಳಿತು.

ನಡುರಾತ್ರಿ_ಡ್ಯೂಟಿ | ಬೆಳಿಗ್ಗೆ 8:05

ಅವೆರಡೂ ಶಾಕ್‌ನ ಆರಂಭದ ಹೊತ್ತಿನವು. ಇಲ್ಲಿ ಮಾತಾಡ್ತಿರೋದು ಶಾಕ್ ಇಳಿದ ಮೇಲಿನ ಎಆರ್‌ಡಿಎಸ್. ಎಫ್‌ಎಸಿಟಿಟಿಯಲ್ಲೂ ಬಿಪಿ ಔಷಧಿ ನಿಲ್ಲಿಸಿ 12 ಗಂಟೆ ಆಗೋವರೆಗೆ ಲ್ಯಾಸಿಕ್ಸ್ ಮುಟ್ಟುತ್ತಿರಲಿಲ್ಲ. ಈ ಎರಡು ಹಂತ ಕಲಸುಮೇಲೋಗರ ಮಾಡಿದ್ರೆ ಜನರಿಗೆ ಗೊಂದಲ ಆಗುತ್ತೆ.

ಅಂಕಿಅಂಶ_ಪ್ರಿಯ | ಬೆಳಿಗ್ಗೆ 8:09

ಆ ಪಾಯಿಂಟ್ ಸರಿ. ತಿದ್ದಿಕೊಂಡೆ.

ರಾಯಚೂರು_ಬಿಸಿಲು | ಬೆಳಿಗ್ಗೆ 9:20

ನಮ್ ಕಡೆ ಜ್ವರ ಬಂದ್ರ ಮೊದಲ ಕೇಳೂದ "ಬಾಟ್ಲಿ ಹಚ್ಚಿದ್ರಾ?" ಅಂತ. ಬಾಟ್ಲಿ ಹಚ್ಚದ ಡಾಕ್ಟರ್‌ನ ಡಾಕ್ಟರ್ ಅಂತ ಅನ್ನಂಗಿಲ್ಲ. ನಮ್ಮವ್ವ ಬಿಸಿಲಿಗೆ ಸುಸ್ತಾದ್ರ ತಾನ ಆಟೋ ಹತ್ತಿ ಹೋಗಿ ಬಾಟ್ಲಿ ಹಚ್ಚಿಸ್ಕೊಂಡ ಬರ್ತಾಳ. ಒಆರ್‌ಎಸ್ ಕುಡಿ ಅಂದ್ರ ಬೈತಾಳ.

ಹಳೇಪುಟ | ಬೆಳಿಗ್ಗೆ 9:45

ಈ ಬಾಟ್ಲಿಯ ಚರಿತ್ರೆ ಸ್ವಾರಸ್ಯ ಇದೆ. 1832ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಕಾಲರಾ ಹೊಡೆದಾಗ ಥಾಮಸ್ ಲ್ಯಾಟಾ ಅನ್ನೋ ವೈದ್ಯ ಮೊದಲ ಬಾರಿಗೆ ಉಪ್ಪುನೀರನ್ನ ರೋಗಿಯ ರಕ್ತನಾಳಕ್ಕೆ ಕೊಟ್ಟ. ಆ ಅಜ್ಜಿ ಎದ್ದು ಕೂರುವಷ್ಟು ಚೇತರಿಸಿಕೊಂಡಳು, ಮತ್ತೆ ಭೇದಿಯಾಗಿ ಕೆಲ ಗಂಟೆಯಲ್ಲಿ ತೀರಿಕೊಂಡಳು. ಭೇದಿಯಲ್ಲಿ ನೀರು ಮೈಯಿಂದ ಹೊರಗೇ ಹೋಗಿರುತ್ತೆ, ತುಂಬಿಸ್ಲೇಬೇಕು. ಎಆರ್‌ಡಿಎಸ್‌ನಲ್ಲಿ ಮೈಯೊಳಗೇ ಸೋರಿರುತ್ತೆ. ಬಾಟ್ಲಿ ಒಂದೇ, ಕಾಯಿಲೆ ಬೇರೆ.

ಒಆರ್‌ಎಸ್ ಬಂತಲ್ಲ, 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಸಕ್ಕರೆ ನೀರು ಕಲಸಿ ಸಾವಿರಾರು ಜೀವ ಉಳಿಸಿದ್ರು. ತೀರಿಕೊಂಡ ಮೇಲೆ, 2023ರಲ್ಲಿ ಪದ್ಮವಿಭೂಷಣ ಬಂತು. ನಿಮ್ಮವ್ವನಿಗೆ ಈ ಕಥೆ ಹೇಳಿ ನೋಡಿ.

ಐಸಿಯು_ಸಿಸ್ಟರ್_ಕುಡ್ಲ | ಬೆಳಿಗ್ಗೆ 10:30

ನೈಟ್ ಡ್ಯೂಟಿ ಮುಗಿಸಿ ಬಂದೆ. ರಾತ್ರಿ ಹೇಳಿದ್ದನ್ನ ಲೆಕ್ಕ ಹಾಕಿ ತೋರಿಸ್ತೇನೆ. ನಮ್ಮಲ್ಲಿ ಒಬ್ಬ ಪೇಶೆಂಟಿಗೆ ಸ್ಟ್ಯಾಂಡಿನಲ್ಲಿ ಒಂದೂ ಬಾಟ್ಲಿ ಇಲ್ಲದ ದಿನದ ಚಾರ್ಟು ಇದು.

ಒಂದು ಆ್ಯಂಟಿಬಯೋಟಿಕ್ ನೂರು ಎಂಎಲ್‌ನಲ್ಲಿ ಕಲಸಿ ಮೂರು ಹೊತ್ತು, 300. ಇನ್ನೊಂದು ಎರಡು ಹೊತ್ತು, 200. ನಿದ್ದೆ ಮದ್ದಿನ ಪಂಪ್ ಗಂಟೆಗೆ 5, ದಿನಕ್ಕೆ 120. ಬಿಪಿ ಔಷಧಿ ಪಂಪ್ ಮತ್ತೆ 120. ಬಿಪಿ ನೋಡೋಕೆ ಕೈಯ ರಕ್ತನಾಳದಲ್ಲಿರೋ ಆರ್ಟೀರಿಯಲ್ ಲೈನ್ ಕಟ್ಟಿಕೊಳ್ಳದ ಹಾಗೆ ಗಂಟೆಗೆ 3, ಅಂದ್ರೆ 72. ಇಷ್ಟಕ್ಕೇ 812 ಎಂಎಲ್ ಆಯ್ತು. ರೈಲ್ಸ್ ಟ್ಯೂಬಿನ ಫೀಡ್ ಗಂಟೆಗೆ 50ರಂತೆ 1,200. ಒಟ್ಟು ಎರಡು ಲೀಟರ್ ದಾಟಿತು ಮಾರಾಯ್ರೆ! ಬಾಟ್ಲಿ ಎಲ್ಲಿ ಅಂತ ಕೇಳ್ತೀರಲ್ಲ, ಇಲ್ಲಿದೆ ನೋಡಿ.

ಈ ಕಳ್ಳನೀರನ್ನ ಕಮ್ಮಿ ಮಾಡೋದು ನಮ್ಮ ಕೈಯಲ್ಲಿದೆ. ಔಷಧಿ ಗಟ್ಟಿಯಾಗಿ ಕಲಸಬಹುದಾ ಅಂತ ಫಾರ್ಮಸಿಯವರನ್ನ ಕೇಳಬೇಕು. ಇಂಜೆಕ್ಷನ್ ಬದಲು ಟ್ಯೂಬಿನಲ್ಲಿ ಮಾತ್ರೆ ಆಗ್ತದಾ ಕೇಳಬೇಕು.

ಅಂಕಿಅಂಶ_ಪ್ರಿಯ | ಬೆಳಿಗ್ಗೆ 10:41

ಉಪ್ಪಿನ ಲೆಕ್ಕವನ್ನೂ ಸೇರಿಸಿ ಸಿಸ್ಟರ್. ಒಂದು ಲೀಟರ್ ನಾರ್ಮಲ್ ಸಲೈನ್‌ನಲ್ಲಿ 9 ಗ್ರಾಂ ಉಪ್ಪು. ಆರೋಗ್ಯವಂತರು ದಿನಕ್ಕೆ 5 ಗ್ರಾಂ ಒಳಗೆ ತಿನ್ನಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಉಪ್ಪು ಇದ್ದಲ್ಲಿ ನೀರು ನಿಲ್ಲುತ್ತೆ.

ಮಲ್ನಾಡ್_ಹನಿ | ಮಧ್ಯಾಹ್ನ 1:05

ಡೆಂಗಿಯಲ್ಲೂ ಇದೇ ಪಾಠ. ತಮ್ಮನಿಗೆ ಆದಾಗ ನಮ್ಮೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಐದು ದಿನ ಬಿಡದೆ ಡ್ರಿಪ್ಸ್. ಜ್ವರ ಬಿಟ್ಟು ಹಸಿವೂ ಬಂದಿತ್ತು, ಆದ್ರೂ ನಿಲ್ಲಿಸಲಿಲ್ಲ. ಆರನೇ ದಿನ ಮಲಗೋಕೆ ಆಗದೆ ಎದ್ದು ಕೂತು ಏದುಸಿರು ಬಿಡೋಕೆ ಶುರು. ಶಿವಮೊಗ್ಗಕ್ಕೆ ಕರ್ಕೊಂಡು ಹೋದ ಮೇಲೆ ಅಲ್ಲಿಯ ಡಾಕ್ಟ್ರು ಬಾಟ್ಲಿ ಕಿತ್ತು ಲ್ಯಾಸಿಕ್ಸ್ ಕೊಟ್ಟರು. ರಾತ್ರಿಯೊಳಗೆ ಎರಡು ಯೂರಿನ್ ಬ್ಯಾಗ್ ತುಂಬಿತು, ಬೆಳಿಗ್ಗೆ ಅಂಗಾತ ಮಲಗಿದ.

ಅವರು ಹೇಳಿದ್ದು: ಡೆಂಗಿಯಲ್ಲಿ ಜ್ವರ ಇಳಿಯೋ ಹೊತ್ತಿಗೆ 24ರಿಂದ 48 ಗಂಟೆ ರಕ್ತನಾಳ ಸೋರುತ್ತೆ, ಆಗ ಪಿಸಿವಿ (ರಕ್ತ ಎಷ್ಟು ಮಂದ ಆಗಿದೆ ಅಂತ ತೋರಿಸೋ ಪರೀಕ್ಷೆ) ನೋಡ್ಕೊಂಡು ಅಳತೆಯಾಗಿ ನೀರು ಕೊಡ್ಬೇಕು. ಆಮೇಲೆ ಸೋರಿದ್ದೆಲ್ಲ ತಾನೇ ವಾಪಸ್ ರಕ್ತಕ್ಕೆ ಬರುತ್ತೆ. ಆಗಲೂ ಬಾಟ್ಲಿ ನಡೀತಿದ್ರೆ ಲಂಗ್ಸ್ ತುಂಬುತ್ತೆ.

ಪಚ್ಚೆತೆನೆ | ಮಧ್ಯಾಹ್ನ 1:12

ಡೆಂಗಿಗೆ ಪಪ್ಪಾಯಿ ಎಲೆ ರಸ ಕುಡಿಸಿ, ಪ್ಲೇಟ್‌ಲೆಟ್ ಏರುತ್ತೆ.

ಮಲ್ನಾಡ್_ಹನಿ | ಮಧ್ಯಾಹ್ನ 1:20

ನಾವೂ ಕುಡಿಸಿದ್ವಿ. ಅವನ ಉಸಿರು ಕಟ್ಟಿದ್ದು ಪ್ಲೇಟ್‌ಲೆಟ್‌ನಿಂದ ಅಲ್ಲ, ಬಾಟ್ಲಿಯಿಂದ. ಅದನ್ನೇ ಹೇಳ್ತಿರೋದು.

ಮಾಡರೇಟರ್ | ಮಧ್ಯಾಹ್ನ 1:30

ಪಪ್ಪಾಯಿಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಓದಿದ್ದನ್ನ ನೋಡಿ ಯಾರೂ ಆಸ್ಪತ್ರೆಯ ಔಷಧಿ, ಡ್ರಿಪ್ಸ್ ನಿಲ್ಲಿಸಿ ಅಂತ ಹಠ ಹಿಡಿಯಬೇಡಿ. ಕೇಳಿ ತಿಳ್ಕೊಳ್ಳಿ.

ಹಾಸನದ_ಮಗಳು | ಸಂಜೆ 6:50

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟರ್ ಲೆಕ್ಕವನ್ನ ಮಾವನಿಗೆ ಓದಿ ಹೇಳಿದೆ, ಸುಮ್ಮನಾದ್ರು. ಇವತ್ತು ಡಾಕ್ಟ್ರ ಹತ್ರ ಒಳಗೆ ಎಷ್ಟು ಹೋಯ್ತು, ಹೊರಗೆ ಎಷ್ಟು ಬಂತು ಅಂತ ಕೇಳಿದೆ. ಅವರಿಗೇ ಆಶ್ಚರ್ಯ ಆಯ್ತು. ಚಾರ್ಟ್ ತೆರೆದು ತೋರಿಸಿದ್ರು: ಮೊದಲ ಮೂರು ದಿನಕ್ಕೆ ಸೇರಿ 6.4 ಲೀಟರ್ ಜಾಸ್ತಿ, ನಿನ್ನೆ ಒಂದೇ ದಿನ 1.2 ಲೀಟರ್ ಇಳಿದಿದೆ. ಬೆಡ್‌ನಲ್ಲೇ ತೂಕದ ಮೆಷಿನ್ ಇದೆಯಂತೆ. ಬಂದಾಗ 62 ಇದ್ದವರು ಈಗ 67 ಕೆಜಿ. ವೆಂಟಿಲೇಟರ್‌ನಿಂದ ಕೊಡೋ ಆಕ್ಸಿಜನ್ 70 ಪರ್ಸೆಂಟ್‌ನಿಂದ 60ಕ್ಕೆ ಇಳಿಸಿದ್ದಾರೆ. ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ನೋಡಿದೆ, ಚಪಾತಿ ಹಿಟ್ಟಿಗೆ ಒತ್ತಿದ ಹಾಗೆ ಗುಳಿ ಹಾಗೇ ನಿಂತಿತು.

ಧಾರವಾಡದ_ಮಾಸ್ತರ | ಸಂಜೆ 7:30

ತಂಗೀ ಆರಾಮ ಆಗ್ಲಿ. ಸಿಸ್ಟರ್ ಲೆಕ್ಕ ನೋಡಿದೆ, ನನಗೂ ತಿಳೀತು. ಆದ್ರ ನನ್ನ ಸಿಟ್ಟು ಬ್ಯಾರೆ ಐತ್ರಿ. ನಮ್ಮ ತಮ್ಮ ಹನ್ನೊಂದು ದಿನ ಒಳಗಿದ್ದ. ಹನ್ನೊಂದು ದಿನದಾಗ ಒಬ್ಬರು ಹೊರಗ ಬಂದು "ಇದಕ್ಕ ನೀರು ನಿಲ್ಲಿಸೀವಿ" ಅಂತ ಎರಡು ಮಿನಿಟು ಹೇಳಲಿಲ್ಲ. ಹೇಳಿದ್ರ ನಾವೇನು ಕೇಳಂಗಿಲ್ಲ ಅಂತಿದ್ವಾ? ಅವ ನೀರಡಿಸಿ ಸತ್ತ ಅಂತ ನಮ್ಮ ಅವ್ವ ಇವತ್ತಿಗೂ ಊಟಕ್ಕ ಕೂತಾಗ ಅಳ್ತಾಳ. ಈ ಗದ್ದಿ ಬದುವಿನ ಮಾತು ಅವತ್ತ ಯಾರರ ಹೇಳಿದ್ರ ಆಕಿಗಿ ಅಷ್ಟರ ಸಮಾಧಾನ ಇರ್ತಿತ್ತು.

ನಡುರಾತ್ರಿ_ಡ್ಯೂಟಿ | ಸಂಜೆ 7:48

ಮಾಸ್ತರ್ ಸರ್, ನಿಮ್ಮ ಸಿಟ್ಟು ನ್ಯಾಯ. ನಿಮ್ಮ ತಾಯಿಗೆ ಇದನ್ನ ಖಂಡಿತ ಹೇಳಿ: ಅಂಥ ಸ್ಥಿತಿಯಲ್ಲಿ ಟ್ಯೂಬಿನಿಂದ, ಔಷಧಿಯಿಂದ ದಿನಕ್ಕೆ ಲೀಟರುಗಟ್ಟಲೆ ನೀರು ಒಳಗೆ ಹೋಗ್ತಿರುತ್ತೆ. ನೀರಿಲ್ಲದೆ ಯಾರೂ ಸಾಯಲ್ಲ ಅಲ್ಲಿ. ಬೇಕಿದ್ರೆ ನಾನೇ ಫೋನಲ್ಲಿ ಮಾತಾಡ್ತೀನಿ, ಮೆಸೇಜ್ ಮಾಡಿ.

ಲೆಸ್ಟರ್_ಕನ್ನಡಿಗ | ರಾತ್ರಿ 10:15

ಇಂಗ್ಲೆಂಡಿನಲ್ಲಿ ಎಕ್ಮೋ ನರ್ಸ್ ಆಗಿದ್ದೀನಿ, ಮೂಲ ತುಮಕೂರು. ವೆಂಟಿಲೇಟರ್ ಕೂಡ ಸಾಕಾಗದಾಗ ಎಕ್ಮೋ ಹಾಕೋದು. ತೊಡೆಯ ದೊಡ್ಡ ರಕ್ತನಾಳದಿಂದ ರಕ್ತ ಹೊರಗೆ ಎಳೆದು, ಕೃತಕ ಶ್ವಾಸಕೋಶದಲ್ಲಿ ಆಕ್ಸಿಜನ್ ತುಂಬಿ, ಕುತ್ತಿಗೆಯ ನಾಳದಿಂದ ವಾಪಸ್ ಬಿಡೋದು. ನಿಮಿಷಕ್ಕೆ ನಾಲ್ಕೈದು ಲೀಟರ್. ಲೆಸ್ಟರಿನ ಗ್ಲೆನ್‌ಫೀಲ್ಡ್ ಆಸ್ಪತ್ರೆ ಕೇಂದ್ರವಾಗಿದ್ದ, ಎಕ್ಮೋ ಬಗ್ಗೆಯ ಸೀಸರ್ ಅಧ್ಯಯನ 2009ರಲ್ಲಿ ಪ್ರಕಟವಾಯ್ತು, ಅದೇ ವರ್ಷ ಎಚ್1ಎನ್1 ಬಂದು ಎಕ್ಮೋ ಎಲ್ಲರ ಬಾಯಿಗೆ ಬಂತು.

ನೀರಿನ ವಿಷಯ ಅಲ್ಲಿ ಇನ್ನೂ ಸೂಕ್ಷ್ಮ. ಪಂಪು ರಕ್ತ ಎಳೀತಿರುವಾಗ ನಾಳದಲ್ಲಿ ಸಾಕಷ್ಟು ರಕ್ತ ಇಲ್ಲದಿದ್ರೆ ನಾಳದ ಗೋಡೆ ಪೈಪಿನ ಬಾಯಿಗೆ ಅಂಟಿಕೊಳ್ಳುತ್ತೆ. ಆಗ ಬೆರಳು ದಪ್ಪದ ಆ ಪೈಪು ಹಾಸಿಗೆ ಮೇಲೆ ಟಕಟಕ ನಡುಗುತ್ತೆ. ನಾವು ಅದನ್ನ "ಚಾಟರ್" ಅಂತೀವಿ. ಮೊದಲ ಸಲ ನೋಡಿದಾಗ ನನ್ನ ಕೈಯೂ ಅದರ ಜೊತೆ ನಡುಗಿತ್ತು. ಕೈ ತಾನಾಗೇ ಹೋಗೋದು ಸಲೈನ್ ಕಡೆಗೆ. 250 ಎಂಎಲ್ ಬಿಟ್ಟರೆ ನಡುಕ ನಿಲ್ಲುತ್ತೆ. ಒಂದು ಗಂಟೆ ಬಿಟ್ಟು ಮತ್ತೆ ಶುರು, ಯಾಕಂದ್ರೆ ಕೊಟ್ಟಿದ್ದೆಲ್ಲ ಸೋರಿಹೋಗಿರುತ್ತೆ. ಹೀಗೇ ಒಂದು ರಾತ್ರಿಗೆ ಎರಡು ಲೀಟರ್ ಒಳಗೆ ಹೋಗಿಬಿಡುತ್ತೆ, ಬೆಳಿಗ್ಗೆ ಎಕ್ಸ್‌ರೇ ಪೂರ್ತಿ ಬಿಳಿ, ಅಂದ್ರೆ ಲಂಗ್ಸ್ ತುಂಬಾ ನೀರು.

ನನಗೆ ಹಿರಿಯ ಸಹೋದ್ಯೋಗಿ ಕಲಿಸಿದ್ದು: ಮೊದಲು ರೋಗಿ ಕೆಮ್ಮುತ್ತಿದ್ದಾರಾ ನೋಡು, ಪೈಪು ಮಡಚಿದೆಯಾ ನೋಡು, ರಕ್ತಸ್ರಾವ ಇದೆಯಾ ನೋಡು. ಆಮೇಲೆ ಪಂಪಿನ ವೇಗ ಸ್ವಲ್ಪ ಇಳಿಸು. ಎಷ್ಟೋ ಸಲ 3,400 ಇದ್ದ ಆರ್‌ಪಿಎಂ 3,100ಕ್ಕೆ ತಂದ್ರೆ ನಡುಕವೂ ನಿಲ್ಲುತ್ತೆ, ರಕ್ತದ ಹರಿವೂ ಕಮ್ಮಿ ಆಗಲ್ಲ. ಇದ್ಯಾವುದೂ ಆಗದಿದ್ದಾಗ ಮಾತ್ರ ನೀರು, ಅದೂ ಅಳತೆ ಮಾಡಿ.

ಅಂಕಿಅಂಶ_ಪ್ರಿಯ | ರಾತ್ರಿ 10:40

ಎಕ್ಮೋ ಮೂರನೇ ದಿನ ನೀರು ಜಾಸ್ತಿ ಉಳಿದವರಲ್ಲಿ ಸಾವು ಹೆಚ್ಚು ಅಂತ 2014ರಲ್ಲಿ ವರದಿ ಬಂದಿತ್ತು. ಆದ್ರೆ ಕಾಯಿಲೆ ಹೆಚ್ಚಿದ್ದವರಿಗೇ ನೀರು ಹೆಚ್ಚು ಹೋಗಿರುತ್ತಲ್ಲ? ನೀರಿಂದ ಸತ್ತರಾ, ಕಾಯಿಲೆಯಿಂದ ಸತ್ತರಾ ಅಂತ ಅಂಥ ಅಧ್ಯಯನ ಬಿಡಿಸಿ ಹೇಳಲ್ಲ.

ಲೆಸ್ಟರ್_ಕನ್ನಡಿಗ | ರಾತ್ರಿ 10:52

ಆ ಅನುಮಾನ ಸರಿಯಾದದ್ದೇ. ನಾನು ಹೇಳೋದು ಹಾಸಿಗೆ ಪಕ್ಕ ನಿಂತು ಕಂಡದ್ದು. ಪೈಪು ನಡುಗಿದ ತಕ್ಷಣ ಬಾಟ್ಲಿ ಏರಿಸೋದು ಸುಲಭ, ಯಾಕೆ ನಡುಗ್ತಿದೆ ಅಂತ ನಿಂತು ನೋಡೋದು ಕಷ್ಟ.

ಅಂಕಿಅಂಶ_ಪ್ರಿಯ | ರಾತ್ರಿ 11:00

ನೀರು ಕೊಟ್ಟು ಕೆಟ್ಟದ್ದಾದದ್ದಕ್ಕೆ ಗಟ್ಟಿ ಸಾಕ್ಷಿ ಬೇಕಂದ್ರೆ 2011ರ ಫೀಸ್ಟ್ ಅನ್ನೋ ಅಧ್ಯಯನ. ಕೀನ್ಯಾ, ಉಗಾಂಡಾ, ಟಾಂಜಾನಿಯಾದ 3,141 ಮಕ್ಕಳು, ತೀವ್ರ ಜ್ವರ, ರಕ್ತಸಂಚಾರ ಕುಗ್ಗಿತ್ತು. ಒಮ್ಮೆಲೇ ನೀರು ಕೊಟ್ಟ ಮಕ್ಕಳಲ್ಲಿ 48 ಗಂಟೆಯಲ್ಲಿ ಸಾವು 10.5 ಪರ್ಸೆಂಟ್ ಹತ್ತಿರ, ಕೊಡದ ಮಕ್ಕಳಲ್ಲಿ 7.3. ಎಲ್ಲರೂ ಇದರ ಉಲ್ಟಾ ಬರುತ್ತೆ ಅಂದ್ಕೊಂಡಿದ್ರು.

ನಡುರಾತ್ರಿ_ಡ್ಯೂಟಿ | ರಾತ್ರಿ 11:20

ಅಲ್ಲಿ ವೆಂಟಿಲೇಟರ್, ಐಸಿಯು ಇರಲಿಲ್ಲ, ಮಲೇರಿಯಾ, ರಕ್ತಹೀನತೆ ಹೆಚ್ಚಿತ್ತು ಅನ್ನೋದನ್ನೂ ಹೇಳಿ. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಆ ಚಿತ್ರ ಹತ್ತಿರದ್ದು ಅನ್ನೋದು ನನ್ನ ಅಭಿಪ್ರಾಯ.

ನಾನು ಈಗೀಗ ಮಾಡೋದು ಇಷ್ಟು. ನೀರು ಬೇಕಾ ಅನ್ನೋ ಅನುಮಾನ ಬಂದ್ರೆ ಮೊದಲು ಹಾಸಿಗೆಯ ತಲೆ ಕಡೆ ಇಳಿಸಿ ಎರಡೂ ಕಾಲು ಎತ್ತರಿಸ್ತೀನಿ. ಕಾಲಿನಲ್ಲಿದ್ದ ಅವರದೇ ಸುಮಾರು 300 ಎಂಎಲ್ ರಕ್ತ ಹೃದಯಕ್ಕೆ ಬರುತ್ತೆ. ಆ ಒಂದು ನಿಮಿಷದಲ್ಲಿ ಎಕೋ (ಹೃದಯದ ಸ್ಕ್ಯಾನ್) ಹಿಡಿದು ಹೃದಯ ಹೆಚ್ಚು ರಕ್ತ ಪಂಪ್ ಮಾಡ್ತಾ ನೋಡ್ತೀನಿ. ಮಾಡದಿದ್ರೆ ಸಲೈನ್ ಕೊಟ್ಟೂ ಪ್ರಯೋಜನ ಇಲ್ಲ. ಕಾಲು ಇಳಿಸಿದ್ರೆ ರಕ್ತ ವಾಪಸ್, ಹೊರಗಿನ ಒಂದು ಹನಿಯೂ ಒಳಗೆ ಹೋಗಿರಲ್ಲ.

ಹಾಸನದ_ಮಗಳು | ಬುಧವಾರ, ಮಧ್ಯಾಹ್ನ 12:10

ಭಯ ಆಗ್ತಿದೆ. ಕಿಡ್ನಿ ಹೇಗಿದೆ ಅಂತ ನೋಡೋ ರಕ್ತಪರೀಕ್ಷೆ ಕ್ರಿಯಾಟಿನಿನ್ 1.0 ಇದ್ದದ್ದು ಇವತ್ತು 1.7. ಲ್ಯಾಸಿಕ್ಸ್ ನಿಲ್ಲಿಸಿದ್ದಾರೆ. ಒಣಗಿಸಿ ಒಣಗಿಸಿ ಕಿಡ್ನಿ ಹಾಳು ಮಾಡಿದ್ರಾ?

ನಡುರಾತ್ರಿ_ಡ್ಯೂಟಿ | ಮಧ್ಯಾಹ್ನ 12:45

ತೂಬು ಜಾಸ್ತಿ ಮುಚ್ಚಿದ್ರೆ ಅಂತ ಮೊದಲ ದಿನ ಹೇಳಿದ್ನಲ್ಲ, ಅವರು ಅದನ್ನೇ ನೋಡ್ಕೊಂಡು ಕೈ ತಡೆದಿದ್ದಾರೆ. ಒಂದು ದಿನ ಬಿಟ್ಟು ನೋಡೋದು ಒಳ್ಳೇ ಲಕ್ಷಣ. ಕೇಳ್ಬೇಕಾದ ಪ್ರಶ್ನೆ: ಗಂಟೆಗೆ ಮೂತ್ರ ಎಷ್ಟು ಬರ್ತಿದೆ, ಬಿಪಿ ಔಷಧಿ ಇನ್ನೂ ಇದೆಯಾ. ಅವರ ತೂಕಕ್ಕೆ ಗಂಟೆಗೆ 30 ಎಂಎಲ್ ಮೇಲಿದ್ರೆ ಗಾಬರಿ ಬೇಡ. ಕಿಡ್ನಿ ಕೈ ಕೊಟ್ಟರೂ ಹೆಚ್ಚಿನ ನೀರನ್ನ ಡಯಾಲಿಸಿಸ್ ಮೆಷಿನ್‌ನಿಂದ ನಿಧಾನವಾಗಿ ತೆಗೆಯಬಹುದು.

ರಾಯಚೂರು_ಬಿಸಿಲು | ಮಧ್ಯಾಹ್ನ 2:30

ಅಕ್ಕಾರ, ಒಂದ್ ಮಾತ್ ಹೇಳ್ತೀನಿ. ಯಾರೂ ಕದ್ದು ನೀರು ಕುಡಿಸಬ್ಯಾಡ್ರಿ. ನಮ್ಮ ದೊಡ್ಡಪ್ಪಗ ಟ್ಯೂಬ್ ಇದ್ದಾಗ ನಾನು ಸಿಸ್ಟರ್ ಕಣ್ಣು ತಪ್ಪಿಸಿ ಚಮಚದಾಗ ನೀರು ಹಾಕಿದೆ. ಅವರು ಕೈಸನ್ನಿ ಮಾಡಿ ಕೇಳಿದ್ರು, ತಡ್ಕೊಳ್ಳಾಕ ಆಗಲಿಲ್ಲ. ಅಲಾರಾಂ ಹೊಡ್ಕೊಂತು, ಮೈ ನೀಲಿ ಆತು. ಪೈಪ್ ಹಾಕಿ ಎಳೆದು ತೆಗೆದ್ರು, ಉಳಿದ್ರು. ಆ ಹತ್ತು ಮಿನಿಟು ನಾ ಸಾಯೂತನ ಮರಿಯಂಗಿಲ್ಲ.

ಐಸಿಯು_ಸಿಸ್ಟರ್_ಕುಡ್ಲ | ಸಂಜೆ 4:00

ಹೇಳಿದ್ದು ಒಳ್ಳೇದಾಯ್ತು, ಹೆಚ್ಚಿನವರು ಹೇಳುವುದೇ ಇಲ್ಲ. ಬಾಯಾರಿಕೆ ನಿಜವಾದ ನೋವು. ಅದಕ್ಕೆ ಮಾಡಬಹುದಾದ್ದು ಇದೆ. ಫ್ರಿಜ್ಜಿನ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಗಾಜ್‌ನಿಂದ ನಾಲಿಗೆ, ಒಸಡು, ಕೆನ್ನೆ ಒಳಗೆ ಒರೆಸೋದು. ತುಟಿಗೆ ಮೆಂಥಾಲ್ ಇರೋ ಬಾಮ್. ಇವೆಲ್ಲ ಸೇರಿಸಿ ಮಾಡಿದ್ರೆ ಐಸಿಯು ರೋಗಿಗಳ ಬಾಯಾರಿಕೆ ಇಳೀತದೆ ಅಂತ ಅಧ್ಯಯನದಲ್ಲೂ ಕಂಡಿದೆ. ಅಕ್ಕ, ನೀವು ಒಳಗೆ ಹೋದಾಗ "ನಾನು ಬಾಯಿ ಒರೆಸ್ಲಾ?" ಅಂತ ಸಿಸ್ಟರನ್ನ ಕೇಳಿ. ಹೆಚ್ಚಿನವರು ಬಿಡ್ತಾರೆ, ಪಕ್ಕ ನಿಂತು ತೋರಿಸ್ತಾರೆ.

ಹಾಸನದ_ಮಗಳು | ಗುರುವಾರ, ರಾತ್ರಿ 9:15

ಒರೆಸಿದೆ ಸಿಸ್ಟರ್. ನಿದ್ದೆ ಮದ್ದು ಕಮ್ಮಿ ಮಾಡಿದ್ರು, ಎಚ್ಚರ ಇದ್ರು. ಗಾಜ್ ಹೊರಗೆ ತೆಗೆಯುವಾಗ ತುಟಿಯಲ್ಲಿ ಹಿಡಿದು ಬಿಡಲಿಲ್ಲ. ಕ್ರಿಯಾಟಿನಿನ್ 1.4. ಮೂತ್ರ ಗಂಟೆಗೆ 60.

ಮಂಡ್ಯ_ಗದ್ದೆಬಯಲು | ರಾತ್ರಿ 9:30

ದೇವರು ದೊಡ್ಡವನು.

ಹಾಸನದ_ಮಗಳು | ಮುಂದಿನ ಸೋಮವಾರ, ಸಂಜೆ 5:20

ಲ್ಯಾಸಿಕ್ಸ್ ಸಣ್ಣ ಡೋಸಿನಲ್ಲಿ ಮತ್ತೆ ಶುರು ಮಾಡಿದ್ರು. ಶನಿವಾರ ತೂಕ 63. ಇವತ್ತು ಬೆಳಿಗ್ಗೆ ಟ್ಯೂಬ್ ತೆಗೆದ್ರು! ಮಾಸ್ಕ್ ಆಕ್ಸಿಜನ್ ಮೇಲಿದ್ದಾರೆ. ದನಿ ಪಿಸುಗುಟ್ಟಿದ ಹಾಗಿದೆ. ಮೊದಲ ಮಾತೇ "ನೀರು". ಡಾಕ್ಟ್ರು ಇನ್ನೂ ಬೇಡ, ನುಂಗೋ ಪರೀಕ್ಷೆ ಆಗ್ಬೇಕು ಅಂತಾರೆ. ಇನ್ನೂ ಎಷ್ಟು ಕಾಯ್ಬೇಕು?

ಮೈಸೂರು_ನುಡಿ | ಸಂಜೆ 6:05

ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು, ನುಂಗುವ ತೊಂದರೆ ನೋಡೋದೇ ನನ್ನ ಕೆಲಸ. ಒಂದು ವಾರ ಗಂಟಲಲ್ಲಿ ಟ್ಯೂಬ್ ಇದ್ರೆ ಅಲ್ಲಿಯ ಸ್ಪರ್ಶ ಮಂಕಾಗಿರುತ್ತೆ, ನೀರು ಕೆಮ್ಮೂ ಬಾರದೆ ಶ್ವಾಸನಾಳಕ್ಕೆ ಇಳಿಯಬಹುದು. ತೆಳು ನೀರು ಎಲ್ಲಕ್ಕಿಂತ ಬೇಗ ಜಾರುತ್ತೆ. ಸಾಮಾನ್ಯವಾಗಿ ಒಂದು ದಿನದೊಳಗೆ ಪರೀಕ್ಷೆ ಮಾಡ್ತಾರೆ. ನೆಟ್ಟಗೆ ಕೂರಿಸಿ, ಅರ್ಧ ಚಮಚದಿಂದ ಶುರು. ನುಂಗಿದ ಮೇಲೆ "ಆ" ಅನ್ನಿಸಿ ದನಿ ಒದ್ದೆಯಾಗಿದೆಯಾ ಅಂತ ಕೇಳಿಸ್ಕೊಳ್ತಾರೆ. ಅಲ್ಲೀವರೆಗೆ ಗಾಜ್ ಮುಂದುವರಿಸಿ. ನಾಳೆ ಪಾಸಾಗದಿದ್ರೆ ಗಾಬರಿ ಬೇಡ, ಗಂಜಿ ಹದಕ್ಕೆ ಮಂದ ಮಾಡಿ ಶುರು ಮಾಡ್ತಾರೆ.

ಹಾಸನದ_ಮಗಳು | ಮಂಗಳವಾರ, ಬೆಳಿಗ್ಗೆ 11:35

ಆರು ಚಮಚ ಆಯ್ತು. ಕೆಮ್ಮಲಿಲ್ಲ. ಏಳನೇದು ಕೇಳಿದ್ರು, ಮಧ್ಯಾಹ್ನಕ್ಕೆ ಅಂದಿದ್ದಾರೆ.